ಸರಕೋ, ಶೇಷವೋ, ಕಸವೋ?

ಕೂಡಂಕುಳಂ ಅಣುಸ್ಥಾವರಕ್ಕೆ ಬೇಕಾದ ಇಂಧನ ರಷ್ಯಾದ ನೊವೊಸಿಬಿರ್ಸ್ಕ್ ಕಾರ್ಖಾನೆಯಿಂದ ಸಿದ್ಧರೂಪದಲ್ಲೇ ಬರುತ್ತದೆ. ಆರು ಮೂಲೆಯ, ಸುಮಾರು ನಾಲ್ಕೂವರೆ ಮೀಟರ್ ಉದ್ದದ ಕಟ್ಟು ಅದು. ಅದರೊಳಗೆ ಯುರೇನಿಯಂ ಗುಳಿಗೆ ತುಂಬಿದ ಮುನ್ನೂರಕ್ಕೂ ಹೆಚ್ಚು ತೆಳು ಕೊಳವೆಗಳಿರುತ್ತವೆ. ಅಂಥ 163 ಕಟ್ಟು ಸೇರಿದರೆ ಒಂದು ರಿಯಾಕ್ಟರಿನ ಒಡಲು ತುಂಬುತ್ತದೆ. ಕಸ್ಟಮ್ಸ್ ಕಾಗದದಲ್ಲಿ ಇದರ ಸಂಖ್ಯೆ 8401.30. ಸುಂಕಪಟ್ಟಿಯ 84ನೇ ಅಧ್ಯಾಯ ಯಂತ್ರಗಳದ್ದು. ನೀರಿನ ಪಂಪು, ಹೊಲಿಗೆ ಯಂತ್ರ, ಬಟ್ಟೆ ಒಗೆಯುವ ಯಂತ್ರ ಎಲ್ಲ ಇರುವುದು ಅಲ್ಲೇ. ಇದೇ ಕಟ್ಟು ಕೆಲವು ವರ್ಷ ಉರಿದು ಹೊರಬಂದಮೇಲೆ ಗಡಿ ದಾಟಬೇಕಾಗಿ ಬಂದರೆ ಅದರ ಸಂಖ್ಯೆ 2844.50. ಆಗ ಅದು ಯಂತ್ರದ ಭಾಗವಾಗಿ ಉಳಿಯುವುದಿಲ್ಲ, 28ನೇ ಅಧ್ಯಾಯದ ಅಜೈವಿಕ ರಾಸಾಯನಿಕಗಳ ಸಾಲಿಗೆ ಸೇರುತ್ತದೆ. ಕಟ್ಟಿನ ಉದ್ದ, ಕೊಳವೆಗಳ ಲೆಕ್ಕ ಹಾಗೇ ಇವೆ. ಬದಲಾಗಿರುವುದು ಒಳಗಿನ ಪರಮಾಣುಗಳು.

ಭಾರಜಲದ ಕಥೆಯೂ ಇಂಥದ್ದೇ. ಕೈಗಾದ ರಿಯಾಕ್ಟರುಗಳು ನಡೆಯುವುದು ಭಾರಜಲದಿಂದ. ಭಾರತ ಅದನ್ನು ತಯಾರಿಸುವುದಷ್ಟೇ ಅಲ್ಲ, ಹೊರದೇಶಗಳಿಗೆ ಮಾರಿಯೂ ಇದೆ. ಹೊಸ ಡ್ರಮ್ಮಿನ ಭಾರಜಲಕ್ಕೆ 2845.10. ಅದೇ ನೀರು ರಿಯಾಕ್ಟರಿನಲ್ಲಿ ಕೆಲಕಾಲ ಸುತ್ತಿ ಬಂದರೆ ಅದರಲ್ಲಿನ ಡ್ಯೂಟೀರಿಯಂ ಸ್ವಲ್ಪಸ್ವಲ್ಪವಾಗಿ ಟ್ರಿಟಿಯಂ ಆಗಿರುತ್ತದೆ. ಆಗ ಅದು 2844ಕ್ಕೆ ಬರುತ್ತದೆ.

ಈ ಸಂಖ್ಯೆಗಳೆಲ್ಲ ಬ್ರಸೆಲ್ಸ್‌ನಲ್ಲಿ ಕಚೇರಿಯಿರುವ ವಿಶ್ವ ಕಸ್ಟಮ್ಸ್ ಸಂಸ್ಥೆಯ ಹಾರ್ಮನೈಸ್ಡ್ ಸಿಸ್ಟಮ್‌ನವು. 1988ರಲ್ಲಿ ಜಾರಿಗೆ ಬಂದ ಈ ಪಟ್ಟಿಯ ಮೊದಲ ಆರು ಅಂಕೆಗಳು ಜಗತ್ತಿಗೆಲ್ಲ ಒಂದೇ. ಅದರಾಚೆಗಿನ ಅಂಕೆಗಳನ್ನು ಆಯಾ ದೇಶ ತನಗೆ ಬೇಕಾದಂತೆ ಸೇರಿಸಿಕೊಳ್ಳಬಹುದು. ನಮ್ಮಲ್ಲಿ ಎಂಟು ಅಂಕೆಗಳಿವೆ. ವ್ಯಾಪಾರಿಗೆ ಇದು ಸುಂಕದ ದರ ಹೇಳುವ ಸಂಖ್ಯೆ, ಅಷ್ಟೇ. ಆದರೆ ವಿಕಿರಣಶೀಲ ವಸ್ತುವಿನ ಮಟ್ಟಿಗೆ ಅದು ಬೇರೆಯದೇ ಕೆಲಸ ಮಾಡುತ್ತದೆ. ಯಾವ ಇಲಾಖೆಯ ಪರವಾನಗಿ ಬೇಕು, ಕಂಟೇನರನ್ನು ಯಾರು ತೆರೆಯಬೇಕು, ಯಾವ ದೇಶದ ಅಂಕಿಅಂಶದಲ್ಲಿ ಏನು ಕಾಣಿಸುತ್ತದೆ, ಏನು ಕಾಣಿಸದೆ ಹೋಗುತ್ತದೆ ಎಂಬುದನ್ನೆಲ್ಲ ಮೊದಲು ತೀರ್ಮಾನಿಸುವುದು ಬಿಲ್ ಆಫ್ ಎಂಟ್ರಿಯಲ್ಲಿ ಬರೆದ ಆ ಸಂಖ್ಯೆ. ಅದು ತಪ್ಪಿದರೆ ಉಳಿದ ಕಾನೂನುಗಳಿಗೆ ಎಚ್ಚರವೇ ಆಗುವುದಿಲ್ಲ.

ಪಟ್ಟಿ ಮಾಡಿದವರು ಈ ಅಪಾಯ ಅರಿಯದವರಲ್ಲ. ಆರನೇ ಭಾಗದ ಮೊದಲ ಟಿಪ್ಪಣಿಯಲ್ಲಿ ಒಂದು ಖಡಾಖಂಡಿತ ಮಾತಿದೆ: 2844 ಮತ್ತು 2845ರ ವಿವರಣೆಗೆ ಹೊಂದುವ ಸರಕನ್ನು, ವಿಕಿರಣಶೀಲ ಅದಿರೊಂದನ್ನು ಬಿಟ್ಟು, ಅಲ್ಲೇ ವರ್ಗೀಕರಿಸಬೇಕು, ಪಟ್ಟಿಯ ಇನ್ನಾವ ಶೀರ್ಷಿಕೆಯಲ್ಲೂ ಅಲ್ಲ. ಇರಿಡಿಯಂ ಅಮೂಲ್ಯ ಲೋಹಗಳ ಗುಂಪಿನದು, ಅದರ ಜಾಗ 71ನೇ ಅಧ್ಯಾಯ. ಆದರೆ ವೆಲ್ಡಿಂಗ್ ಪರೀಕ್ಷೆಗೆ ಬಳಸುವ ಇರಿಡಿಯಂ-192 ಅಲ್ಲಿಗೆ ಹೋಗುವಂತಿಲ್ಲ. ಕೋಬಾಲ್ಟ್ ಲೋಹ 81ರದ್ದು, ಕೋಬಾಲ್ಟ್-60 ಮಾತ್ರ 2844ರದ್ದು. ವಿಕಿರಣ ಎಂಬ ಒಂದು ಗುಣ ಉಳಿದೆಲ್ಲ ಗುಣಗಳನ್ನು ಬದಿಗೆ ಸರಿಸುತ್ತದೆ. ಇಡೀ ಸುಂಕಪಟ್ಟಿಯಲ್ಲಿ ಇಷ್ಟು ವಿವೇಕದ ಸಾಲುಗಳು ಹೆಚ್ಚಿಲ್ಲ ಎಂಬುದು ನನ್ನ ಅಭಿಪ್ರಾಯ. ನನ್ನ ತಕರಾರು ಇರುವುದು ಈ ತತ್ವದ ಮೇಲಲ್ಲ. ತತ್ವವನ್ನು ಜಾರಿಗೆ ತರುವಾಗ ಪಟ್ಟಿ ಎರಡು ಕಡೆ ಕೈಬಿಟ್ಟಿದೆ. ಒಂದು, ಎಲ್ಲ ಬಗೆಯ ವಿಕಿರಣಕ್ಕೂ ಒಂದೇ ಅಳತೆ ಹಿಡಿದದ್ದು. ಇನ್ನೊಂದು ಅದಕ್ಕಿಂತ ದೊಡ್ಡದು: ಬಳಕೆಗೆ ಬರುವ ಶೇಷವನ್ನೂ ಎಸೆಯಬೇಕಾದ ಕಸವನ್ನೂ ಒಂದೇ ಖಾನೆಗೆ ಹಾಕಿದ್ದು.

ಅದಿರಿಗೆ ಕೊಟ್ಟ ವಿನಾಯಿತಿಯ ಬಗ್ಗೆ ಒಂದು ಮಾತು, ಏಕೆಂದರೆ ಅದರಲ್ಲಿ ನಮ್ಮ ಕರಾವಳಿಯ ಚರಿತ್ರೆಯಿದೆ. 1909ರಲ್ಲಿ ಶೋಂಬರ್ಗ್ ಎಂಬ ಜರ್ಮನ್ ರಸಾಯನಶಾಸ್ತ್ರಜ್ಞ ತಿರುವಾಂಕೂರಿನಿಂದ ಬಂದ ತೆಂಗಿನ ನಾರಿಗೆ ಅಂಟಿಕೊಂಡಿದ್ದ ಮರಳಿನಲ್ಲಿ ಮೋನಜೈಟ್ ಗುರುತಿಸಿದ. ಕಾಗದದಲ್ಲಿ ಇದ್ದದ್ದು ನಾರು. ಬೆಲೆ ಬಾಳುವ ವಸ್ತು ಯಾರೂ ಘೋಷಿಸದ ಆ ಕಸ. ಉಳ್ಳಾಲದ ಕಡಲತೀರದಲ್ಲೂ ಈ ಮರಳಿನ ಸುಳಿವಿದೆ. ಮೋನಜೈಟಿಗೆ ಆಗ ಗಿರಾಕಿ ಇದ್ದದ್ದು ಅದರಲ್ಲಿರುವ ಥೋರಿಯಂಗೆ. ಥೋರಿಯಂ ಬೇಕಾಗಿದ್ದದ್ದು ಗ್ಯಾಸ್‌ಲೈಟಿನ ಮ್ಯಾಂಟಲ್‌ಗೆ. ಹಳೆಯ ತಲೆಮಾರು ಯಕ್ಷಗಾನ ನೋಡಿದ್ದು ಆ ಬೆಳಕಿನಲ್ಲೇ. ಥೋರಿಯಂ ನೈಟ್ರೇಟಿನಲ್ಲಿ ಅದ್ದಿದ ಪುಟ್ಟ ಚೀಲವನ್ನು ಲಾಟೀನಿಗೆ ಕಟ್ಟಿ ಒಮ್ಮೆ ಸುಟ್ಟರೆ ಬಟ್ಟೆ ಹೋಗಿ, ಬೆರಳು ತಾಗಿದರೆ ಪುಡಿಯಾಗುವ ಬಿಳಿ ಬಲೆ ಉಳಿಯುತ್ತಿತ್ತು. ಅದು ಬಹುಪಾಲು ಥೋರಿಯಂ ಆಕ್ಸೈಡ್. ಸುಂಕಪಟ್ಟಿಯಲ್ಲಿ ಇಂದಿಗೂ ಅದರದು ಮೂರು ಸಂಖ್ಯೆಗಳ ಪಯಣ: ಮರಳು 2612.20, ಅದರಿಂದ ತೆಗೆದ ಥೋರಿಯಂ 2844.30, ಥೋರಿಯಂ ಹಚ್ಚಿದ ಮ್ಯಾಂಟಲ್ 5908. ಕೊನೆಯದು ಜವಳಿ ವಿಭಾಗದಲ್ಲಿದೆ, ದೀಪದ ಬತ್ತಿಗಳ ಜೊತೆಗೆ.

ಈಗ ಅಳತೆಯ ವಿಷಯ. 28ನೇ ಅಧ್ಯಾಯದ ಆರನೇ ಟಿಪ್ಪಣಿ 2844ರ ಎಲ್ಲೆ ಗೆರೆ ಎಳೆಯುತ್ತದೆ. ವಿಕಿರಣಶೀಲ ಐಸೋಟೋಪುಗಳು, ಅವುಗಳ ಸಂಯುಕ್ತಗಳು ಷರತ್ತಿಲ್ಲದೆ ಒಳಗೆ ಬರುತ್ತವೆ. ಮಿಶ್ರಲೋಹ, ಸೆರಾಮಿಕ್, ಮಿಶ್ರಣಗಳು ಒಳಗೆ ಬರಬೇಕಾದರೆ ಅವುಗಳ ವಿಕಿರಣ ಪ್ರತಿ ಗ್ರಾಮಿಗೆ 74 ಬೆಕೆರೆಲ್ ಮೀರಬೇಕು. ಈ 74 ಎಲ್ಲಿಂದ ಬಂತು? ಹಳೆಯ ಮಾನವಾದ ಕ್ಯೂರಿಯಲ್ಲಿ ಅದು 0.002 ಮೈಕ್ರೋಕ್ಯೂರಿ. ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ಹಳೆಯ ಸಾಗಣೆ ನಿಯಮಗಳಲ್ಲೂ ಇದೇ ಗೆರೆ ಇತ್ತು. ಅವರು ಅದನ್ನು 70 ಬೆಕೆರೆಲ್ ಎಂದು ಹಿಡಿದಿದ್ದರು. ಹಾಗಾಗಿ ಒಂದು ಕಾಲದಲ್ಲಿ ಹಡಗಿನವರ ಲೆಕ್ಕವೂ ಸುಂಕದವರ ಲೆಕ್ಕವೂ ಹೆಚ್ಚುಕಡಿಮೆ ಒಂದೇ ಆಗಿತ್ತು.

1996ರ ಆವೃತ್ತಿಯಲ್ಲಿ ಸಾಗಣೆ ನಿಯಮದವರು ಆ ಗೆರೆಯನ್ನು ಕೈಬಿಟ್ಟರು. ಒಂದೊಂದು ಐಸೋಟೋಪಿಗೂ ಅದರ ಅಪಾಯಕ್ಕೆ ತಕ್ಕ ಬೇರೆ ಬೇರೆ ಮಿತಿ ಹಾಕಿದರು. ಕೋಬಾಲ್ಟ್-60 ಮತ್ತು ಸೀಸಿಯಂ-137ಕ್ಕೆ ಗ್ರಾಮಿಗೆ 10 ಬೆಕೆರೆಲ್, ಅಮೆರಿಷಿಯಂ-241ಕ್ಕೆ 1, ಕಾರ್ಬನ್-14ಕ್ಕೆ 10,000, ಟ್ರಿಟಿಯಂಗೆ 10 ಲಕ್ಷ. ಚರ್ಮವನ್ನೂ ದಾಟದ ಟ್ರಿಟಿಯಂನ ಬೀಟಾ ಕಣವನ್ನೂ ಉಕ್ಕಿನ ಹಾಳೆಯನ್ನು ತೂರಿ ಬರುವ ಕೋಬಾಲ್ಟಿನ ಗಾಮಾ ಕಿರಣವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ ಎಂಬುದು ಅವರಿಗೆ ಮನವರಿಕೆಯಾಗಿತ್ತು. ಸುಂಕಪಟ್ಟಿ ಮಾತ್ರ 74ರಲ್ಲೇ ನಿಂತಿದೆ.

ಇದರ ಫಲವನ್ನು ಒಂದು ಉಕ್ಕಿನ ತುಂಡಿನಲ್ಲಿ ನೋಡಿ. ಅದರಲ್ಲಿ ಗ್ರಾಮಿಗೆ 50 ಬೆಕೆರೆಲ್ ಕೋಬಾಲ್ಟ್-60 ಸೇರಿಕೊಂಡಿದೆ ಅನ್ನೋಣ. ಸಾಗಣೆ ನಿಯಮದ ಮಿತಿಗಿಂತ ಅದು ಐದು ಪಟ್ಟು ಹೆಚ್ಚು. ನಿಯಂತ್ರಣದಿಂದ ಪೂರ್ತಿ ಬಿಡುಗಡೆ ಮಾಡಲು ಅಣುಶಕ್ತಿ ಸಂಸ್ಥೆ ಸೂಚಿಸುವ ಮಟ್ಟವಂತೂ 0.1 ಬೆಕೆರೆಲ್, ಅದಕ್ಕೆ ಹೋಲಿಸಿದರೆ ಐನೂರು ಪಟ್ಟು. ಆದರೆ 74 ದಾಟಿಲ್ಲವಾದ್ದರಿಂದ ಸುಂಕಪಟ್ಟಿಗೆ ಅದು ಬರೀ ಉಕ್ಕು, 72 ಅಥವಾ 73ನೇ ಅಧ್ಯಾಯ. ಇನ್ನೊಂದು ಕಡೆ, ಗ್ರಾಮಿಗೆ 100 ಬೆಕೆರೆಲ್ ಟ್ರಿಟಿಯಂ ಇರುವ ಮಿಶ್ರಣ ಸಾಗಣೆಯವರ ಕಣ್ಣಿಗೆ ಏನೂ ಅಲ್ಲ, ಸುಂಕದವರ ಕಣ್ಣಿಗೆ ವಿಕಿರಣಶೀಲ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು.

74 ಸುರಕ್ಷತೆಯ ಗೆರೆಯಲ್ಲ, ಬರೀ ವಿಂಗಡಣೆಯ ಗೆರೆ ಎಂದು ಇದನ್ನು ಸಮರ್ಥಿಸುವವರಿದ್ದಾರೆ. ತಾತ್ವಿಕವಾಗಿ ಸರಿಯೇ. ಆದರೆ ಬಂದರಿನಲ್ಲಿ ಕುಳಿತ ಕ್ಲಿಯರಿಂಗ್ ಏಜೆಂಟ್ ಕೈಗೆ ಸಿಗುವುದು ಈ ಒಂದೇ ಗೆರೆ, ಅವನು ಅದನ್ನು ಹಿಡಿದೇ ನಡೆಯುತ್ತಾನೆ. ಬೇರೆ ದಾರಿ ಇಲ್ಲ ಎಂದೇನೂ ಇಲ್ಲ. ಯುರೋಪಿಗೆ ಕಳಿಸುವ ಕಟ್ಟಡದ ಕಲ್ಲಿಗೆ ಒಂದು ಸೂತ್ರವಿದೆ: ಕಿಲೋಗ್ರಾಮಿನಲ್ಲಿರುವ ರೇಡಿಯಂನ ಬೆಕೆರೆಲ್ ಲೆಕ್ಕವನ್ನು 300ರಿಂದ, ಥೋರಿಯಂನದನ್ನು 200ರಿಂದ, ಪೊಟ್ಯಾಸಿಯಂನದನ್ನು 3000ದಿಂದ ಭಾಗಿಸಿ ಮೂರನ್ನೂ ಕೂಡಿಸಬೇಕು, ಮೊತ್ತ 1 ದಾಟಿದರೆ ಇನ್ನಷ್ಟು ಪರಿಶೀಲನೆ. ಇಳಕಲ್ಲಿನ ಕೆಂಪು ಗ್ರಾನೈಟಿನಲ್ಲೂ ಈ ಮೂರು ಇದ್ದೇ ಇರುತ್ತವೆ, ಎಲ್ಲ ಗ್ರಾನೈಟಿನಲ್ಲಿ ಇರುವ ಹಾಗೆ. ನೆಲಕ್ಕೆ ಹಾಸುವ ಕಲ್ಲಿಗೇ ಇಷ್ಟು ಸೂಕ್ಷ್ಮವಾದ ಲೆಕ್ಕ ಸಾಧ್ಯವಾಗಿರುವಾಗ ಇಡೀ ಜಗತ್ತಿನ ಸುಂಕಪಟ್ಟಿಗೆ ಅದು ಯಾಕೆ ಆಗದು? ರೈತರು ಹೊಲಕ್ಕೆ ಹಾಕುವ ಪೊಟ್ಯಾಷ್ ಗೊಬ್ಬರದಲ್ಲಿ ಗ್ರಾಮಿಗೆ ಸುಮಾರು 16 ಬೆಕೆರೆಲ್ ಪೊಟ್ಯಾಸಿಯಂ-40 ಸಹಜವಾಗಿಯೇ ಇರುತ್ತದೆ, ಅದರಿಂದ ಯಾರಿಗೂ ತೊಂದರೆಯಿಲ್ಲ. ಅಷ್ಟೇ ಬೆಕೆರೆಲ್ ಕೋಬಾಲ್ಟ್ ಇರುವ ಉಕ್ಕನ್ನು ಮನೆಯಲ್ಲಿಡಲು ಯಾರೂ ಒಪ್ಪುವುದಿಲ್ಲ. ಸಂಖ್ಯೆ ಒಂದೇ ಆದಮಾತ್ರಕ್ಕೆ ಅಪಾಯ ಒಂದೇ ಆಗುವುದಿಲ್ಲ.

ಅಳತೆಯ ದೋಷ ಒಂದು ಸಮಿತಿ ಕೂತು ಮನಸ್ಸು ಮಾಡಿದರೆ ಸರಿಹೋಗುವಂಥದ್ದು. ಶೇಷದ ಪ್ರಶ್ನೆ ಹಾಗಲ್ಲ.

ಅದೇ ಆರನೇ ಟಿಪ್ಪಣಿಯ ಕೊನೆಯ ಸಾಲು ವಿಕಿರಣಶೀಲ ಶೇಷಗಳನ್ನು, ಅವು ಬಳಸಲು ಬರಲಿ ಬಾರದಿರಲಿ, 2844ಕ್ಕೆ ಸೇರಿಸುತ್ತದೆ. ಇಲ್ಲಿ 74ರ ಷರತ್ತೂ ಇಲ್ಲ. ಅಂದರೆ ಎಷ್ಟು ವಿಕಿರಣವಿದ್ದರೆ ಅದು ವಿಕಿರಣಶೀಲ ಶೇಷ ಎಂಬುದಕ್ಕೆ ಟಿಪ್ಪಣಿ ಅಂಕಿ ಕೊಡುವುದಿಲ್ಲ. ಬಳಸಲು ಬರುತ್ತದೋ ಇಲ್ಲವೋ ಎಂಬುದನ್ನು ಕೇಳುವುದೇ ಬೇಡ ಎನ್ನುತ್ತದೆ. 2022ರ ಪರಿಷ್ಕರಣೆಯಲ್ಲಿ ಶೇಷಕ್ಕೆ 2844.44 ಎಂಬ ಸ್ವಂತ ಸಂಖ್ಯೆ ಸಿಕ್ಕಿತು. ಅದಕ್ಕೂ ಮುಂಚೆ ಅದು ಆಸ್ಪತ್ರೆಗೆ ಹೋಗುವ ಐಸೋಟೋಪುಗಳ ಜೊತೆಗೇ 2844.40ರಲ್ಲಿ ಕಲಸಿಹೋಗಿತ್ತು. ಇದು ಮುನ್ನಡೆಯೇ. ಆದರೆ ಆ ಪರಿಷ್ಕರಣೆಯಲ್ಲಿ ಹೆಚ್ಚು ಗಮನ ಹೋದದ್ದು ಬಾಂಬಿನ ದಾರಿಗೆ: ಟ್ರಿಟಿಯಂ, ಹೀಲಿಯಂ-3, ಲಿಥಿಯಂ-6, ಬೋರಾನ್-10 ಇವಕ್ಕೆಲ್ಲ ಪ್ರತ್ಯೇಕ ಸಂಖ್ಯೆ ಬಂತು. ಕಸದ ದಾರಿಗೆ ಸಿಕ್ಕಿದ್ದು ಒಂದೇ ಖಾನೆ, ಒಳಗೆ ವಿಂಗಡಣೆ ಇಲ್ಲದ್ದು.

ಇದರಿಂದ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಯೂಟಾ ರಾಜ್ಯದ ವೈಟ್ ಮೇಸಾ ಯುರೇನಿಯಂ ಗಿರಣಿ ಒಳ್ಳೆಯ ಉದಾಹರಣೆ. ಅಮೆರಿಕದ ನಿಯಮದಲ್ಲಿ ಪರವಾನಗಿ ಪಡೆದ ಯುರೇನಿಯಂ ಗಿರಣಿಯಲ್ಲಿ ಯಾವ ವಸ್ತುವಿನಿಂದ ಯುರೇನಿಯಂ ತೆಗೆಯುತ್ತಾರೋ ಅದನ್ನೆಲ್ಲ ಅದಿರು ಎಂದೇ ಪರಿಗಣಿಸಬಹುದು, ಅದು ಗಣಿಯಿಂದ ಬಂದದ್ದೇ ಆಗಬೇಕಿಲ್ಲ. ಎಸ್ಟೋನಿಯಾದ ಸಿಲ್ಲಮೇ ಪಟ್ಟಣದ ಲೋಹ ಕಾರ್ಖಾನೆಯೊಂದರಲ್ಲಿ ಬೇರೆ ಲೋಹ ತೆಗೆದ ಮೇಲೆ ಯುರೇನಿಯಂ ಇರುವ ಶೇಷ ಉಳಿದಿತ್ತು. ಆ ದೇಶದಲ್ಲಿ ಅದನ್ನು ಹಾಕಲು ಜಾಗವಿರಲಿಲ್ಲ. 600ಕ್ಕೂ ಹೆಚ್ಚು ಟನ್ ಶೇಷವನ್ನು ಸಾಗರದಾಚೆಯಿಂದ ತರಿಸಿಕೊಳ್ಳಲು ಕೆಲವು ವರ್ಷಗಳ ಹಿಂದೆ ಯೂಟಾ ಅನುಮತಿ ಕೊಟ್ಟಿತು. ಇದಕ್ಕೂ ಮುಂಚೆ, 2005ರಲ್ಲಿ, ಜಪಾನಿನ ತೊತ್ತೊರಿ ಪ್ರಾಂತದಲ್ಲಿ ಹಳೆಯ ಯುರೇನಿಯಂ ಶೋಧದಿಂದ ಉಳಿದ ಸುಮಾರು 290 ಘನ ಮೀಟರ್ ಮಣ್ಣು ಇದೇ ಗಿರಣಿಗೆ ಹೋಗಿತ್ತು. ಅದನ್ನು ಊರಿನಿಂದ ತೆಗೆಸಲು ಅಲ್ಲಿನ ಜನ ಸುಪ್ರೀಂ ಕೋರ್ಟಿನವರೆಗೆ ಹೋರಾಡಿದ್ದರು. ಗಿರಣಿ ಈ ವಸ್ತುಗಳಿಂದ ಇದ್ದಷ್ಟು ಯುರೇನಿಯಂ ತೆಗೆಯುತ್ತದೆ. ಉಳಿದದ್ದು, ಅಂದರೆ ಬಹುಪಾಲು, ಗಿರಣಿಯ ಹೊಂಡಗಳಲ್ಲೇ ಉಳಿಯುತ್ತದೆ. ಪಕ್ಕದಲ್ಲೇ ಯೂಟ್ ಮೌಂಟನ್ ಯೂಟ್ ಮೂಲನಿವಾಸಿಗಳ ಹಳ್ಳಿಯಿದೆ. ಇದು ಅದಿರಿನ ಹೆಸರಿನಲ್ಲಿ ನಡೆಯುವ ಕಸದ ವಿಲೇವಾರಿ ಎಂಬುದು ಅವರ ದೂರು. ಕಂಪನಿಯ ಉತ್ತರ, ಇದು ಮರುಬಳಕೆ. ಇಬ್ಬರ ಮಾತಿಗೂ ಆಧಾರವಿದೆ. ಪಟ್ಟಿ ಮಾತ್ರ ಇಬ್ಬರನ್ನೂ ಪ್ರಶ್ನೆ ಕೇಳುವುದಿಲ್ಲ.

ಜರ್ಮನಿಯ ಗ್ರೊನಾವ್‌ನಲ್ಲಿ ಯುರೇನಿಯಂ ಸಾಂದ್ರೀಕರಣ ಸ್ಥಾವರವಿದೆ. ಅಲ್ಲಿ ಉಳಿಯುವ ಬಡಕಲು ಯುರೇನಿಯಂ 1990ರ ದಶಕದಿಂದ 2009ರವರೆಗೆ ಸಾವಿರಾರು ಟನ್ ಲೆಕ್ಕದಲ್ಲಿ ರಷ್ಯಾಕ್ಕೆ ಹೋಯಿತು, 2019ರಲ್ಲಿ ಮತ್ತೆ ಶುರುವಾಯಿತು. ಸುಂಕಪಟ್ಟಿಯಲ್ಲಿ ಅದು 2844.30, ಪೂರ್ಣ ಮರ್ಯಾದೆಯ ಸರಕು. ಅದರಲ್ಲಿ ಉಳಿದ ಅಷ್ಟಿಷ್ಟು ಯುರೇನಿಯಂ-235 ಅನ್ನು ರಷ್ಯಾ ತೆಗೆದ ಮೇಲೆ ಇನ್ನಷ್ಟು ಬಡಕಲಾದದ್ದು ಎಲ್ಲಿ ಉಳಿಯಿತು? ಬಹುಮಟ್ಟಿಗೆ ರಷ್ಯಾದಲ್ಲೇ. ಪರಿಸರವಾದಿಗಳು ಇದನ್ನು ಕಸದ ರಫ್ತು ಎಂದು ಕರೆದದ್ದರಲ್ಲಿ ಸ್ವಲ್ಪ ಉತ್ಪ್ರೇಕ್ಷೆ ಇರಬಹುದು. ಪೂರ್ತಿ ಸುಳ್ಳಂತೂ ಅಲ್ಲ.

ಇವೆರಡಕ್ಕಿಂತ ಮಲೇಷ್ಯಾದ ಪ್ರಕರಣ ಹೆಚ್ಚು ಪಾಠ ಹೇಳುತ್ತದೆ. ಪಶ್ಚಿಮ ಆಸ್ಟ್ರೇಲಿಯಾದ ಮೌಂಟ್ ವೆಲ್ಡ್ ಗಣಿಯಿಂದ ಅಪರೂಪದ ಮೃಲ್ಲೋಹಗಳ ಸಾಂದ್ರ ಅದಿರು ಹಡಗೇರಿ ಕ್ವಾಂತಾನ್ ಬಳಿಯ ಲೈನಸ್ ಸ್ಥಾವರಕ್ಕೆ ಹೋಗುತ್ತದೆ. ಅದರಲ್ಲಿ ಥೋರಿಯಂ ಇರುವುದು ಗ್ರಾಮಿಗೆ ಸುಮಾರು 6 ಬೆಕೆರೆಲ್. ಸಹಜ ಖನಿಜಗಳಿಗೆ ಸಾಗಣೆ ನಿಯಮ ಕೊಡುವ ಸಡಿಲ ಮಿತಿ 10. ಆದ್ದರಿಂದ ದಾರಿಯುದ್ದಕ್ಕೂ ಅದು ವಿಕಿರಣಶೀಲವಲ್ಲದ ಸರಕು. ಮಲೇಷ್ಯಾದ ನೆಲದ ಮೇಲೆ ನಿಯಂತ್ರಣ ಶುರುವಾಗುವುದೇ 1 ಬೆಕೆರೆಲ್‌ನಿಂದ. ಬೇಕಾದ ಲೋಹ ತೆಗೆದು ಮಾರಿದ ಮೇಲೆ ಥೋರಿಯಂ ಇರುವ ಶೇಷ ಅಲ್ಲೇ ಉಳಿಯಿತು; 2018ರ ಹೊತ್ತಿಗೆ ಅದು ನಾಲ್ಕೂವರೆ ಲಕ್ಷ ಟನ್ ಮುಟ್ಟಿತ್ತು. ಆ ವರ್ಷದ ಡಿಸೆಂಬರಿನಲ್ಲಿ ಮಲೇಷ್ಯಾ ಸರ್ಕಾರ, ಇದನ್ನು ದೇಶದಿಂದ ಹೊರಗೆ ಒಯ್ಯಿರಿ ಎಂದಿತು. ವಾಪಸ್ ತೆಗೆದುಕೊಳ್ಳುವುದಿಲ್ಲ ಎಂದು ಪಶ್ಚಿಮ ಆಸ್ಟ್ರೇಲಿಯಾ ಸರ್ಕಾರ ಕೈಚೆಲ್ಲಿತು. ಆಸ್ಟ್ರೇಲಿಯಾ ಬಿಡುವಾಗ ಸಾಮಾನ್ಯ ಖನಿಜವಾಗಿದ್ದ ಅದೇ ಥೋರಿಯಂ ಮರಳಿ ಹೋಗುವಾಗ ಮಾತ್ರ ವಿಕಿರಣಶೀಲ ಕಸ! ಹೋಗುವ ಹಾದಿ ಅಗಲ, ಬರುವ ಹಾದಿಗೆ ಬೀಗ.

ಅಂತರರಾಷ್ಟ್ರೀಯ ಒಪ್ಪಂದಗಳು ಈ ಬೀಗ ತೆಗೆಯುವುದಿಲ್ಲವೇ? ಅಪಾಯಕಾರಿ ಕಸದ ಸಾಗಣೆಯನ್ನು ತಡೆಯಲು 1989ರಲ್ಲಿ ಬಂದ ಬಾಸೆಲ್ ಒಪ್ಪಂದ, ಬೇರೆ ಅಂತರರಾಷ್ಟ್ರೀಯ ನಿಯಂತ್ರಣಕ್ಕೆ ಒಳಪಟ್ಟ ವಿಕಿರಣಶೀಲ ಕಸವನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿದೆ. ಆ ಬೇರೆ ನಿಯಂತ್ರಣ ಎಂದರೆ ಮುಖ್ಯವಾಗಿ ಉರಿದ ಇಂಧನ ಮತ್ತು ವಿಕಿರಣಶೀಲ ಕಸದ ಸುರಕ್ಷತೆ ಕುರಿತ 1997ರ ಜಂಟಿ ಒಪ್ಪಂದ. ಅದರ ಮೂರನೇ ವಿಧಿ, ಅಣುಇಂಧನದ ಚಕ್ರದಿಂದ ಬಾರದ, ಬರೀ ನಿಸರ್ಗಸಹಜ ವಿಕಿರಣವಿರುವ ಕಸವನ್ನು ಸದಸ್ಯ ದೇಶ ತಾನಾಗಿ ಘೋಷಿಸದ ಹೊರತು ಒಳಗೆ ಸೇರಿಸುವುದಿಲ್ಲ. ಲೈನಸ್‌ನ ಥೋರಿಯಂ, ಸಿಲ್ಲಮೇಯ ಶೇಷ ಬಂದು ನಿಲ್ಲುವುದು ಈ ಎರಡು ಬಾಗಿಲುಗಳ ನಡುವಿನ ಸಂದಿಯಲ್ಲಿ. ಆ ಸಂದಿಯಲ್ಲಿ ಯಾವ ಸರಕು, ಎಲ್ಲಿಂದ ಎಲ್ಲಿಗೆ, ಎಷ್ಟು ಹೋಯಿತೆಂದು ಜಗತ್ತಿಗೆಲ್ಲ ಒಂದೇ ರೀತಿಯಲ್ಲಿ ಲೆಕ್ಕವಿಡುವ ದಾಖಲೆ ಕಸ್ಟಮ್ಸ್ ಸಂಖ್ಯೆ. ಆದ್ದರಿಂದಲೇ ಅದು ಕಸವನ್ನು ಕಸ ಎಂದು ತೋರಿಸಬೇಕು ಎಂದು ನಾನು ಒತ್ತಿ ಹೇಳುವುದು.

ಇದಕ್ಕೆ ಕಸ್ಟಮ್ಸ್ ಪರಿಣತರದ್ದು ಗಟ್ಟಿಯಾದ ಆಕ್ಷೇಪ. ವರ್ಗೀಕರಣ ನಡೆಯಬೇಕಾದದ್ದು ಸರಕು ಬಂದರಿಗೆ ಬಂದ ಹೊತ್ತಿನಲ್ಲಿ ಅದರ ಕಣ್ಣಿಗೆ ಕಾಣುವ, ಅಳೆಯಲು ಬರುವ ಗುಣಗಳ ಮೇಲೆ. ತರಿಸಿದವನ ಮನಸ್ಸಿನಲ್ಲಿ ಏನಿದೆ ಎಂಬುದರ ಮೇಲಲ್ಲ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ ಎಂಬ ಗಾದೆ ಹುಟ್ಟಿದ್ದು ಸುಮ್ಮನೆ ಅಲ್ಲ. ಉದ್ದೇಶ ಕೇಳುತ್ತಾ ಕೂತರೆ ಪ್ರತಿ ಅಧಿಕಾರಿಯೂ ಒಂದೊಂದು ತೀರ್ಪು ಕೊಡುತ್ತಾನೆ, ಲಂಚಕ್ಕೆ ಹೊಸ ಬಾಗಿಲು ತೆರೆಯುತ್ತದೆ. ಇಂದು ಕಸವಾದದ್ದು ನಾಳೆ ಬೆಲೆಯ ವಸ್ತುವಾಗಬಹುದು ಎಂಬುದೂ ನಿಜ. ಬಡಕಲು ಯುರೇನಿಯಂನ ಬೇಡಿಕೆ ಬೆಲೆಯೊಂದಿಗೆ ಏರಿಳಿಯುತ್ತದೆ. ಕ್ಯಾನ್ಸರ್ ಚಿಕಿತ್ಸೆಗೆ ಬೇಕಾದ ಆಕ್ಟಿನಿಯಂ-225 ಅನ್ನು ಹಳೆಯ ಅಣುಕಾರ್ಯಕ್ರಮದ ಉಳಿಕೆಯಿಂದಲೇ ತೆಗೆಯುತ್ತಿದ್ದಾರೆ.

ಆಕ್ಷೇಪವನ್ನು ಒಪ್ಪುತ್ತೇನೆ, ಅದರಿಂದ ಹೊರಡುವ ತೀರ್ಮಾನವನ್ನು ಒಪ್ಪುವುದಿಲ್ಲ. ಉದ್ದೇಶ ಕೇಳದೆಯೂ ಕಸವನ್ನು ಬೇರೆ ಮಾಡಬಹುದೆಂದು ಇದೇ ಪಟ್ಟಿ ಬೇರೆ ಕಡೆ ತೋರಿಸಿದೆ. ಅವಧಿ ಮುಗಿದು ಮೂಲ ಬಳಕೆಗೆ ಬಾರದ ಔಷಧಿಗೆ 3006.92 ಎಂಬ ಪ್ರತ್ಯೇಕ ಸಂಖ್ಯೆಯಿದೆ. ಊರಿನ ಕಸ, ಚರಂಡಿಯ ಕೆಸರು, ಆಸ್ಪತ್ರೆಯ ಕಸಕ್ಕೆ 3825. 2022ರಲ್ಲಿ ಇ-ಕಸಕ್ಕೆ 8549 ಬಂತು. ಹಳೆಯ ಮೊಬೈಲಿನಲ್ಲೂ ಚಿನ್ನವಿದೆ, ಅದೂ ಯಾರಿಗಾದರೂ ಬೆಲೆಯ ವಸ್ತುವೇ. ಹಾಗಿದ್ದೂ ಅದನ್ನು ಕಸವೆಂದೇ ಗುರುತಿಸಿ ಸಂಖ್ಯೆ ಕೊಟ್ಟರು. ವಿಕಿರಣಶೀಲ ಶೇಷಕ್ಕೂ ಅಳೆಯಬಹುದಾದ ಒರೆಗಲ್ಲು ಸಿಗುತ್ತದೆ: ತೆಗೆಯಬೇಕಾದ ವಸ್ತು ಒಟ್ಟು ತೂಕದಲ್ಲಿ ಎಷ್ಟು ಪಾಲು, ತೆಗೆದ ಮೇಲೆ ಉಳಿಯುವುದೆಷ್ಟು, ಹಣ ಯಾರು ಯಾರಿಗೆ ಕೊಡುತ್ತಿದ್ದಾರೆ. ಕೊನೆಯ ಪ್ರಶ್ನೆ ಎಲ್ಲಕ್ಕಿಂತ ಚೊಕ್ಕ. ಸರಕಾದರೆ ಕೊಂಡವನು ಹಣ ಕೊಡುತ್ತಾನೆ. ಕಳಿಸುವವನೇ ಹಣ ಕೊಟ್ಟು ಕಳಿಸುತ್ತಿದ್ದಾನೆ ಎಂದರೆ ಅದು ಬಹುಪಾಲು ಕಸವೇ. ಇನ್‌ವಾಯ್ಸ್ ಕಸ್ಟಮ್ಸ್ ಮೇಜಿನ ಮೇಲೇ ಇರುತ್ತದೆ, ಯಾರ ಮನಸ್ಸನ್ನೂ ಓದಬೇಕಿಲ್ಲ.

ಎರಡನೆಯ ಬೇಡಿಕೆ, ಸಂಖ್ಯೆಯ ಜೊತೆಗೆ ವಾಪಸಾತಿಯ ಹೊಣೆ. ಮುಚ್ಚಿದ ವಿಕಿರಣ ಮೂಲಗಳ ವಿಷಯದಲ್ಲಿ ಇದು ಆಗಲೇ ರೂಢಿಗೆ ಬಂದಿದೆ. ಕೋಬಾಲ್ಟ್-60ರ ಅರ್ಧಾಯುಷ್ಯ 5.27 ವರ್ಷ, ಹತ್ತೂವರೆ ವರ್ಷದಲ್ಲಿ ಕಾಲು ಭಾಗವಷ್ಟೇ ಉಳಿಯುತ್ತದೆ. ಆಸ್ಪತ್ರೆಗೆ ಅದು ನಿರುಪಯೋಗಿ, ಗುಜರಿಯವನ ಕೈಗೆ ಮಾತ್ರ ಸಾವು. ಆದ್ದರಿಂದ ಅಣುಶಕ್ತಿ ಸಂಸ್ಥೆಯ 2003ರ ನೀತಿಸಂಹಿತೆ ಹಳೆಯ ಮೂಲವನ್ನು ತಯಾರಕರಿಗೆ ಮರಳಿಸಲು ದೇಶಗಳು ದಾರಿ ಬಿಡಬೇಕು ಎನ್ನುತ್ತದೆ. ದಾರಿ ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು 2010ರಲ್ಲಿ ದೆಹಲಿಯ ಮಾಯಾಪುರಿ ತೋರಿಸಿತು. ಕೆನಡಾದಿಂದ ತರಿಸಿದ್ದ, 1985ರಿಂದ ಮೂಲೆ ಸೇರಿದ್ದ ಪ್ರಯೋಗಾಲಯದ ಗಾಮಾ ಉಪಕರಣವೊಂದು ಹರಾಜಿನಲ್ಲಿ ಗುಜರಿ ಮಾರುಕಟ್ಟೆಗೆ ಹೋಯಿತು. ಒಡೆದವರಿಗೆ ಅದು ಬರೀ ಲೋಹ. ಒಬ್ಬ ಕಾರ್ಮಿಕ ಸತ್ತ, ಹಲವರು ಸುಟ್ಟಗಾಯಗಳಿಂದ ಆಸ್ಪತ್ರೆ ಸೇರಿದರು. ಒಳಬರುವಾಗ ಅದಕ್ಕೆ ಸುಂಕದ ಸಂಖ್ಯೆಯೂ ಪರವಾನಗಿಯೂ ಇದ್ದಿರಲೇಬೇಕು. ಹೊರಹೋಗುವ ದಾರಿಯನ್ನು ಮಾತ್ರ ಯಾರೂ ಬರೆದಿಟ್ಟಿರಲಿಲ್ಲ.

ಮಾಯಾಪುರಿ ಇನ್ನೊಂದು ಅಸಹಾಯಕತೆಯ ಕಡೆಗೂ ಕೈ ತೋರಿಸುತ್ತದೆ. ದೊಡ್ಡ ಅವಘಡಗಳು ಸಾಮಾನ್ಯವಾಗಿ 2844 ಎಂದು ಬರೆದ ಪೆಟ್ಟಿಗೆಯಿಂದ ಬಂದಿಲ್ಲ. ಅವು ಬಂದದ್ದು 7204ರಿಂದ, ಅಂದರೆ ಕಬ್ಬಿಣದ ಗುಜರಿಯಿಂದ. 1984ರ ಜನವರಿಯಲ್ಲಿ ಮೆಕ್ಸಿಕೋದಿಂದ ಬಂದ ಕಟ್ಟಡದ ಸರಳು ಹೊತ್ತ ಲಾರಿಯೊಂದು ದಾರಿ ತಪ್ಪಿ ಲಾಸ್ ಅಲಮೋಸ್ ಅಣುಪ್ರಯೋಗಾಲಯದ ಗೇಟಿನ ಬಳಿ ಹೋದಾಗ ಅಲ್ಲಿನ ವಿಕಿರಣಮಾಪಕ ಕೂಗಿಕೊಂಡಿತು. ಹುವಾರೆಸ್ ನಗರದ ಗುಜರಿ ಅಂಗಳದಲ್ಲಿ ಒಡೆದ ಕ್ಯಾನ್ಸರ್ ಚಿಕಿತ್ಸಾ ಯಂತ್ರದ ಸಾವಿರಾರು ಕೋಬಾಲ್ಟ್ ಗುಂಡುಗಳು ಉಕ್ಕಿನಲ್ಲಿ ಕರಗಿ ಸರಳಾಗಿ, ಮೇಜಿನ ಕಾಲಾಗಿ ಗಡಿ ದಾಟಿದ್ದವು. ಲಾರಿ ದಾರಿ ತಪ್ಪದಿದ್ದರೆ ತಿಳಿಯುತ್ತಲೇ ಇರಲಿಲ್ಲವೇನೋ. 2008ರಲ್ಲಿ ಫ್ರಾನ್ಸಿನ ಲಿಫ್ಟ್ ಕಾರ್ಖಾನೆಗಳಿಗೆ ಹೋದ ಗುಂಡಿಗಳಲ್ಲಿ ಕೋಬಾಲ್ಟ್-60 ಸಿಕ್ಕಿತು. ಆ ಗುಂಡಿಯ ಉಕ್ಕು ಎರಕಗೊಂಡದ್ದು ಭಾರತದಲ್ಲಿ. 2010ರ ಜುಲೈನಲ್ಲಿ ತಾಮ್ರದ ಗುಜರಿ ಎಂದು ಬರೆಸಿಕೊಂಡು ಇಟಲಿಯ ಜಿನೋವಾ ಬಂದರಿಗೆ ಬಂದ ಕಂಟೇನರಿನೊಳಗೂ ಕೋಬಾಲ್ಟ್ ಇತ್ತು. ಯಾರ ಹೊಣೆ ಎಂದು ತೀರ್ಮಾನವಾಗದೆ ಅದು ಒಂದು ವರ್ಷ ಬಂದರಿನಲ್ಲೇ ನಿಂತಿತ್ತು. ಕೊನೆಗೆ ರೋಬೋಟುಗಳನ್ನು ಬಿಟ್ಟು ತೆರೆಸಿದರು.

ಕುಲುಮೆಗೆ ಬಿದ್ದ ಮೂಲ ಯಾವ ರೂಪ ತಾಳುತ್ತದೆ ಎಂಬುದು ಅದರ ರಸಾಯನಗುಣದ ಮೇಲಿದೆ. ಕೋಬಾಲ್ಟ್ ಉಕ್ಕಿನ ಜೊತೆ ಬೆರೆತು ಉಕ್ಕಿನಲ್ಲೇ ಉಳಿಯುತ್ತದೆ. ಅಮೆರಿಷಿಯಂ ಕಿಟ್ಟಕ್ಕೆ ಹೋಗುತ್ತದೆ. ಸೀಸಿಯಂ ಆವಿಯಾಗಿ ಚಿಮಣಿಯ ಧೂಳಿಗೆ ಸೇರುತ್ತದೆ. 1998ರಲ್ಲಿ ಸ್ಪೇನಿನ ಅಲ್ಹೆಸಿರಾಸ್ ಬಳಿಯ ಕುಲುಮೆಯಲ್ಲಿ ಸೀಸಿಯಂ ಮೂಲ ಕರಗಿದಾಗ ಅದರ ಸುಳಿವು ಫ್ರಾನ್ಸ್, ಸ್ವಿಟ್ಜರ್ಲೆಂಡ್, ಇಟಲಿ, ಜರ್ಮನಿಯ ಗಾಳಿಯಲ್ಲಿ ಸಿಕ್ಕಿತ್ತು. ಕುಲುಮೆಯಿಂದ ಬಂದ ಉಕ್ಕು ಮಾರಾಟಕ್ಕೆ ಹೋದರೆ 72ನೇ ಅಧ್ಯಾಯ, ಕಿಟ್ಟ ಮತ್ತು ಸತುವಿಗಾಗಿ ಮಾರುವ ಕುಲುಮೆಧೂಳು 26ನೇ ಅಧ್ಯಾಯ. ಗುಜರಿಯಾಗಿ ಒಂದೇ ಸಂಖ್ಯೆಯಲ್ಲಿ ಬಂದದ್ದು ಬೇರೆ ಬೇರೆ ಸಂಖ್ಯೆಗಳಾಗಿ ಹೊರಹೋಗುತ್ತದೆ. ವಿಕಿರಣವಿರುವ ಧೂಳು, ಕಿಟ್ಟ ನಿಜವಾಗಿ ವಿಕಿರಣಶೀಲ ಶೇಷವೇ, ಆರನೇ ಭಾಗದ ಟಿಪ್ಪಣಿಯಂತೆ 2844ಕ್ಕೇ ಹೋಗಬೇಕು. ಅಳೆದವರಿಲ್ಲದಿದ್ದರೆ ಆ ಟಿಪ್ಪಣಿಯನ್ನು ಎತ್ತಿ ಹೇಳುವವರಾದರೂ ಯಾರು? ಚಾಪೆ ಕೆಳಗೆ ತೂರುವವನಿಗೆ ಕಾನೂನು ಮಾಡಿದರೆ ಈ ಕೋಬಾಲ್ಟ್, ಸೀಸಿಯಂ ರಂಗೋಲಿ ಕೆಳಗೇ ತೂರಿಕೊಂಡಿರುತ್ತವೆ. ಇಲ್ಲಿ ಸಂಖ್ಯೆ ಕೆಲಸಕ್ಕೆ ಬರುವುದಿಲ್ಲ. ಬಂದರಿನ ದ್ವಾರದಲ್ಲಿ ನಿಂತ ವಿಕಿರಣಮಾಪಕವಷ್ಟೇ ಬರುತ್ತದೆ, ಅದು ಗ್ರಾನೈಟಿಗೂ ಪೊಟ್ಯಾಷಿಗೂ ಕೂಗಿಕೊಂಡು ಸಿಬ್ಬಂದಿಗೆ ಬೇಸರ ತರಿಸಿದರೂ ಸರಿಯೇ.

ವರ್ಗೀಕರಣಕ್ಕೆ ಎಲ್ಲವನ್ನೂ ಕಾಯುವ ಶಕ್ತಿಯಿಲ್ಲ. ಆದರೆ ಕಾಗದ ಸಮೇತ, ಹಗಲು ಹೊತ್ತಿನಲ್ಲಿ, ಎಲ್ಲರ ಸಹಿಯೊಂದಿಗೆ ಸಾಗುವ ಲಕ್ಷಾಂತರ ಟನ್ ಶೇಷದ ಮಟ್ಟಿಗೆ ಅದರ ಕೈಯಲ್ಲಿ ಬಹಳಷ್ಟಿದೆ. 2028ರ ಜನವರಿಗೆ ಜಾರಿಯಾಗಲಿರುವ ಮುಂದಿನ ಆವೃತ್ತಿಯ ಪಠ್ಯ ಆಗಲೇ ನಿಗದಿಯಾಗಿದೆ. ಅದರಾಚೆಗಿನ ಆವೃತ್ತಿಗೆ ಹಲವು ವರ್ಷ ಕಾಯಬೇಕು, ಬ್ರಸೆಲ್ಸ್‌ನ ಸಮಿತಿಯಲ್ಲಿ ಉಳಿದ ದೇಶಗಳನ್ನು ಒಪ್ಪಿಸಬೇಕು. ಅಪರೂಪದ ಮೃಲ್ಲೋಹಗಳ ಸಂಸ್ಕರಣೆಯನ್ನು ದೇಶದಲ್ಲೇ ಬೆಳೆಸುತ್ತೇವೆ ಎಂದು ಹೊರಟಿರುವ ನಮಗೆ ಅಷ್ಟು ಪುರುಸೊತ್ತು ಇದೆಯೆಂದು ನನಗನ್ನಿಸುವುದಿಲ್ಲ. ಆರರ ಮುಂದಿನ ಎರಡು ಅಂಕೆಗಳು ದೆಹಲಿಯ ಕೈಯಲ್ಲೇ ಇವೆ. 2844.44ರ ಕೆಳಗೆ ಮರುಬಳಕೆಯ ಶೇಷಕ್ಕೆ ಒಂದು ಸಾಲು, ವಿಲೇವಾರಿಗೆಂದೇ ಬಂದದ್ದಕ್ಕೆ ಇನ್ನೊಂದು, ಐಸೋಟೋಪ್ ಮತ್ತು ಗ್ರಾಮಿಗೆಷ್ಟು ಬೆಕೆರೆಲ್ ಎಂಬುದನ್ನು ಕಡ್ಡಾಯವಾಗಿ ಬರೆಸುವ ಒಂದು ಷರತ್ತು, ಉಳಿಕೆಯನ್ನು ವಾಪಸ್ ಪಡೆಯುತ್ತೇನೆಂದು ಕಳಿಸುವವನಿಂದ ಬರೆಸಿಕೊಂಡ ಒಂದು ಪತ್ರ. ಮೊದಲ ಎರಡಕ್ಕೆ ಪ್ರತಿವರ್ಷದ ಹಣಕಾಸು ಮಸೂದೆಯ ಸುಂಕಪಟ್ಟಿಯಲ್ಲೇ ಜಾಗ ಮಾಡಬಹುದು, ಉಳಿದೆರಡಕ್ಕೆ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ ಒಂದು ಅಧಿಸೂಚನೆ ಸಾಕು.